ಅಬೇದಾಬಿಯ ಮದರಂಗಿ ಬೇಲಿ

ಶಿವರಾತ್ರಿ ಕಳೆದ ನಾಲ್ಕನೆಯ ದಿನ ಬೆಳಿಗ್ಗೆ ಪಂಪಾವತಿ ಅಟ್ಟದ ಮೇಲಿನ ಕುಡಗೋಲನ್ನು ಇಳಿಸಿಕೊಂಡಳು. ಹಿಡಿಗೆ ಸುತ್ತಿದ ಹಳೆಯ ಹಸಿರು ಬಟ್ಟೆ ಹಾಗೇ ಇತ್ತು. ಅದರ ಮೇಲೆ ಬೆರಳುಗಳ ಕೆಂಪು ಕಲೆ, ಎಷ್ಟು ಒಗೆದರೂ ಹೋಗದ್ದು. ಆ ಕಲೆಯ ಮೇಲೆ ತನ್ನ ಬೆರಳಿಟ್ಟು ನೋಡಿದಳು. ಕುಡಗೋಲು ಕೊಟ್ಟುಹೋದ ಅಬೇದಾಬಿಯ ಕೈ ಸಣ್ಣದು. ಪಂಪಾವತಿಯ ಬೆರಳು ಕಲೆಯನ್ನು ದಾಟಿ ಒಂದೊಂದು ಗೆಣ್ಣು ಆಚೆ ಹೋಗುತ್ತಿತ್ತು.

ಒಳಗೆ ಒಂಬತ್ತು ತಿಂಗಳ ಮಗ ಗವಿಸಿದ್ದ ಚಾಪೆ ಬಿಟ್ಟು ಹೊಸ್ತಿಲ ಕಡೆ ಅಂಬೆಗಾಲಿಕ್ಕುತ್ತಿದ್ದ. ಇವನು ಯಾವುದನ್ನು ಹಿಡಿಯುತ್ತಾನೋ, ಯಾವುದನ್ನು ಬಾಯಿಗೆ ಹಾಕುತ್ತಾನೋ ಎಂದು ಅವಳ ಜೀವ ಅರ್ಧ ಅಲ್ಲೇ ಇತ್ತು. ಉಳಿದರ್ಧ ಹಿತ್ತಿಲ ಬೇಲಿಯ ಮೇಲೆ. ಎದೆಯೆತ್ತರದ ಮದರಂಗಿ ಬೇಲಿ, ಮನೆಯ ಮೂರೂ ಕಡೆ ಸುತ್ತಿದ್ದು. ಚಳಿಗಾಲದಲ್ಲಿ ಎಲೆ ಹಳದಿಯಾಗಿ ಅರ್ಧ ಉದುರಿತ್ತು. ಇವತ್ತು ಕಡಿಯದಿದ್ದರೆ ಇನ್ನು ಈ ವರ್ಷ ಕಡಿಯುವ ಹಾಗಿಲ್ಲ. ಬಿಸಿಲು ಬಲಿತ ಮೇಲೆ ಕಡಿದರೆ ಬೊಡ್ಡೆ ಸುಟ್ಟು ಹೋಗುತ್ತದೆ. ಕಡಿದರೆ ಎರಡು ತಿಂಗಳು ಮನೆ ಬಟಾಬಯಲು, ಕೂಸು ಹರಿದಾಡುವ ಕಾಲ.

ಪಕ್ಕದ ಮನೆಗೆ ಹೊಸದಾಗಿ ಬಂದ, ತಹಸೀಲ ಕಚೇರಿಯ ಪೇಶಕಾರರ ಹೆಂಡತಿ ಮುಮ್ತಾಜಬೇಗಂ ಕುಡಗೋಲು ನೋಡಿದವಳೇ ತನ್ನ ಕಟ್ಟೆಯ ಮೇಲಿಂದ ಕೇಳಿದಳು. ಇಷ್ಟು ಛಲೋ ಬೇಲಿಗೆ ಏನಾಗಿದೆ, ಕೂಸಿನ ಮನೆಯಲ್ಲಿ ಯಾರಾದರೂ ಬೇಲಿ ತೆಗೆಸುತ್ತಾರೆಯೇ, ತಲೆ ಸವರಿದರೆ ಸಾಲದೇ ಎಂದು. ಪಂಪಾವತಿಗೆ ನಗು ಬಂತು, ಕಣ್ಣೂ ತುಂಬಿತು. ಏಳು ವರ್ಷದ ಹಿಂದೆ ಇದೇ ಹಿತ್ತಿಲಲ್ಲಿ ನಿಂತು ಅವಳೂ ಇದನ್ನೇ ಕೇಳಿದ್ದಳು, ಇದಕ್ಕಿಂತ ಕೆಟ್ಟ ಮಾತಿನಲ್ಲಿ.

ಧಾರವಾಡದಲ್ಲಿ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ಹುಡುಗಿ ಪಂಪಾವತಿ. ಗಂಡ ಕೊಟ್ರಬಸಪ್ಪ ಕುಷ್ಟಗಿಯ ಸಾಲೆಯಲ್ಲಿ ಮಾಸ್ತರ. ಮೂರು ತಿಂಗಳ ಮಗಳು ಶಂಕ್ರಿಯನ್ನು ಮಡಿಲಲ್ಲಿಟ್ಟುಕೊಂಡು ಕೊಪ್ಪಳ ಸ್ಟೇಶನ್ನಿನಲ್ಲಿ ರೈಲಿಳಿದು, ಸರ್ವಿಸ್ ಮೋಟಾರಿನಲ್ಲಿ ಧೂಳು ಕುಡಿಯುತ್ತ ಬಂದಾಗ ಅವಳ ಟ್ರಂಕಿನಲ್ಲಿ ಬಟ್ಟೆಗಿಂತ ಔಷಧಿಯೇ ಹೆಚ್ಚಿತ್ತು. ಬಜೆ, ಓಮಿನ ನೀರು, ಟಿಂಚರು, ಹತ್ತಿಯ ಉಂಡೆ, ಮತ್ತು ಅಣ್ಣ ಕೊಡಿಸಿದ ಥರ್ಮಾಮೀಟರು. ಕೂಸಿನ ಮೈ ಬಿಸಿಯನ್ನು ದಿನಕ್ಕೆ ಮೂರು ಸಲ ನೋಡುತ್ತಿದ್ದಳು. ಬಿಸಿ ಇಲ್ಲದಿದ್ದರೆ ಥರ್ಮಾಮೀಟರು ಕೆಟ್ಟಿರಬೇಕೆಂದು ತನ್ನ ಬಾಯಲ್ಲಿಟ್ಟುಕೊಂಡು ನೋಡುತ್ತಿದ್ದಳು. ಚೇಳು, ಹಾವು, ದೃಷ್ಟಿ, ಧೂಳು, ಬಾವಿಯ ಉಪ್ಪು ನೀರು, ಎಲ್ಲಕ್ಕೂ ಅವಳ ಹತ್ತಿರ ಒಂದೊಂದು ಹೆದರಿಕೆ ತಯಾರಿತ್ತು. ರಾತ್ರಿ ಕೂಸು ಅತ್ತರೆ ಹೊಟ್ಟೆನೋವೇ ಎಂದು ಹೆದರುವಳು, ಅಳದಿದ್ದರೆ ಯಾಕೆ ಅಳಲಿಲ್ಲವೆಂದು ಏಳುವಳು.

ಆ ಊರಿನಲ್ಲಿ ಅವಳಿಗೆ ಮೊದಲ ದಿನವೇ ಹಿಡಿಸಿದ್ದು ಆ ಬೇಲಿ ಒಂದೇ. ಹಿಂದೆ ತಹಸೀಲಿನ ಗುಮಾಸ್ತರೊಬ್ಬರು ಕಟ್ಟಿಸಿದ ಮನೆ. ಕಂಪೌಂಡಿನ ಗೋಡೆ ಇಲ್ಲ, ಅದರ ಬದಲು ಮದರಂಗಿ. ಹೂ ಬಿಟ್ಟ ಸಂಜೆ ಹಿತ್ತಿಲೆಲ್ಲ ಘಮ ಘಮ. ಬೇಲಿ ಅವಳ ತಲೆಗಿಂತ ಎತ್ತರ, ಮೇಲೆಲ್ಲ ದಟ್ಟ. ಆಚೆಯವರು ಇತ್ತ ಕಾಣರು, ಇತ್ತಿನವರು ಅತ್ತ ಕಾಣರು. ಬಾಗಿಲ ತಾಳು ಹಾಕಿದಷ್ಟು ಧೈರ್ಯ ಅದರಿಂದ ಬರುತ್ತಿತ್ತು.

ಆ ಬೇಲಿಯ ಜೊತೆಗೇ ಬಂದವಳು ಅಬೇದಾಬಿ. ಗಿಡ್ಡ ಹೆಂಗಸು, ಐವತ್ತು ದಾಟಿದ ವಯಸ್ಸು, ಬೆನ್ನು ಸ್ವಲ್ಪ ಬಾಗಿತ್ತು. ಬಂದ ವಾರದಲ್ಲೇ ಹಿತ್ತಿಲ ಬಾಗಿಲಿಗೆ ಬಂದು, ಬಾಯಾರ, ಈ ಬೇಲಿ ನಂದರಿ, ಮನಿ ನಿಮ್ಮದು ಎಂದಳು. ಪಂಪಾವತಿಗೆ ಇದೆಂಥ ಮಾತೆಂದು ತಿಳಿಯಲಿಲ್ಲ. ಸಂಜೆ ಕೊಟ್ರಬಸಪ್ಪ ಬಿಡಿಸಿ ಹೇಳಿದ. ಆ ಮನೆಗೆ ಯಾರೇ ಬಾಡಿಗೆಗೆ ಬರಲಿ, ಬೇಲಿಯನ್ನು ಕಡಿದು, ನೀರು ಗೊಬ್ಬರ ಹಾಕಿ ಚಿಗುರಿಸುವವಳು ಅವಳು. ಯುಗಾದಿಯ ಹೊತ್ತಿಗೆ ಬರುವ ಮೊದಲ ಚಿಗುರಿನ ಎಲೆ ಅವಳಿಗೆ. ಮಳೆಗಾಲದ ಎಲೆ ಮನೆಯವರಿಗೆ. ಗುಮಾಸ್ತರ ಕಾಲದಿಂದ ನಡೆದುಬಂದ ಪದ್ಧತಿ, ಕಾಗದವಿಲ್ಲ, ಪತ್ರವಿಲ್ಲ. ಹಿಂದಿನ ಮೂರು ವರ್ಷ ಮಾತ್ರ ಮನೆಗೆ ಬೀಗ ಬಿದ್ದು ಕಡಿಯುವುದು ತಪ್ಪಿತ್ತು.

ನವಲಿಯ ಕಡೆಯಿಂದ ಹದಿಮೂರಕ್ಕೆ ಮದುವೆಯಾಗಿ ಬಂದವಳಂತೆ ಅಬೇದಾಬಿ. ಗಂಡ ಫಕ್ರುದ್ದೀನ ಹತ್ತಿ ಹಿಂಜುತ್ತಿದ್ದ. ಓಣಿಯಲ್ಲಿ ಅವನ ಬಿಲ್ಲಿನ ನಾದ ಕೇಳಿದರೆ ಚಳಿಗಾಲ ಬಂತೆಂದು ಜನ ಗಾದಿ ಹೊರಗೆ ತರುತ್ತಿದ್ದರು. ಮನೆಮನೆಗೂ ದೊಡ್ಡ ಜ್ವರ ಹೊಕ್ಕ ವರ್ಷ ಅವನು ಹೋದ. ಅವಳು ತವರಿಗೆ ಹೋಗಿ, ತಿಂಗಳಿದ್ದು, ಒದ್ದೆ ಗೋಣಿಯಲ್ಲಿ ಸುತ್ತಿದ ಮದರಂಗಿಯ ತುಂಡುಗಳ ಹೊರೆ ಹೊತ್ತುಕೊಂಡು ತಿರುಗಿ ಬಂದಳು. ಗುಮಾಸ್ತರು ಮನೆ ಕಟ್ಟಿಸುತ್ತಿದ್ದರು. ಗೋಡೆಗೆ ಕಲ್ಲು ಸಾಲದೆ ಪೇಚಾಡುತ್ತಿದ್ದಾಗ, ನಾನು ಗೋಡಿ ಬೆಳಸ್ತೀನ್ರಿ ಎಂದು ಇವಳು ಮುಂದೆ ಬಂದಳಂತೆ. ಒಂದೊಂದು ಗೇಣಿಗೆ ಒಂದೊಂದು ತುಂಡು ಊರಿದಳು. ಆಮೇಲೆ ಟಪಾಲು ಕಚೇರಿ, ದವಾಖಾನೆ, ಹೀಗೆ ಊರಲ್ಲಿ ಏಳು ಬೇಲಿ ಅವಳ ಕೈಯಿಂದ ಎದ್ದವು. ಎಲೆ ಒಣಗಿಸಿ, ಕುಟ್ಟಿ, ಬಟ್ಟೆಯಲ್ಲಿ ಸೋಸಿ, ಕೊಪ್ಪಳ ಗಂಗಾವತಿಯವರೆಗೂ ಮದುವೆಯ ಮನೆಗಳಿಗೆ ಕೊಟ್ಟು ಬರುತ್ತಿದ್ದಳು.

ತಾನು ಮಾತ್ರ ಗಂಡ ಹೋದ ಮೇಲೆ ಮದರಂಗಿ ಹಚ್ಚಿಕೊಂಡವಳಲ್ಲ. ಆದರೆ ವರ್ಷಗಟ್ಟಲೆ ಹಸಿ ಎಲೆ ಸವರಿ ಸವರಿ ಅವಳ ಎರಡೂ ಅಂಗೈ, ಉಗುರು, ಎಲ್ಲ ಕೆಂಪು. ಓಣಿಯ ಹೆಂಗಸರು ಚೇಷ್ಟೆ ಮಾಡುತ್ತಿದ್ದರು, ಅಬೇದಾಬಿಗೆ ದಿನಾ ನಿಕಾ ಎಂದು. ಅವಳೂ ಬಿಡುತ್ತಿರಲಿಲ್ಲ. ಹೌದವಾ, ನನ್ನ ಗಂಡ ಬೇಲಿಯಾಗ ನಿಂತಾನ, ನಿಮ್ಮವನಂಗ ಕಟ್ಟೀ ಮ್ಯಾಲ ಕುಂತು ತಂಬಾಕ ತಿನ್ನಂಗಿಲ್ಲ ಎನ್ನುತ್ತಿದ್ದಳು.

ಅವಳಿಗೊಂದು ಅಭ್ಯಾಸ ಇತ್ತು. ಯಾವ ಬೇಲಿಗೆ ಹೋದರೂ ಮೊದಲು ಅದರ ಮುಂದೆ ಕುಕ್ಕುರುಗಾಲಲ್ಲಿ ಕೂಡುವಳು. ಬಗ್ಗಿ, ಕತ್ತು ಓರೆ ಮಾಡಿ, ಬುಡದ ಉದ್ದಕ್ಕೂ ಕಣ್ಣು ಹಾಯಿಸುವಳು. ಏನು ಕಳೆದಿದೆ ಎಂದು ಒಮ್ಮೆ ಪಂಪಾವತಿ ಕೇಳಿದ್ದಕ್ಕೆ, ಬೇಲಿ ನಿಂತು ನೋಡಬಾರದರಿ ಬಾಯಾರ, ಕುಂತು ನೋಡಬೇಕು ಎಂದಳು. ಮುದುಕಿಯ ಏನೋ ಒಂದು ಮಾತೆಂದು ಪಂಪಾವತಿ ಕೂಸಿನ ಲಂಗೋಟಿ ಹಿಂಡಲು ಒಳಗೆ ಹೋದಳು.

ಶಂಕ್ರಿಗೆ ಹತ್ತು ತಿಂಗಳಾಯಿತು. ಮಂಡಿಯೂರಿ ಓಡಾಡತೊಡಗಿದಳು, ಅಂಬೆಗಾಲೆಂದರೆ ಅಂಥಿಂಥದ್ದಲ್ಲ, ಹಲ್ಲಿಯ ಓಟ. ಆ ವರ್ಷ ಶಿವರಾತ್ರಿಯ ಮೂರನೆಯ ದಿನ ಪಂಪಾವತಿ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಾಗ ಹಿತ್ತಿಲಲ್ಲಿ ಖಚ್ ಖಚ್ ಸಪ್ಪಳ. ಎಣ್ಣೆಗೂಸನ್ನು ಎದೆಗವಚಿಕೊಂಡು ಹೊರಗೆ ಬಂದಳು. ಬಂದವಳಿಗೆ ಎದುರಿಗೆ ಬೀದಿ ಕಂಡಿತು. ಹೋಗುವ ಎತ್ತು ಕಂಡಿತು, ಎತ್ತಿನವನು ಕಂಡ, ಅವನು ತಿರುಗಿ ಇವಳನ್ನೂ ನೋಡಿದ. ಅಬೇದಾಬಿ ಮೂಡಲ ಕಡೆಯ ಬೇಲಿಯನ್ನೆಲ್ಲ ಗೇಣುದ್ದದ ಬೊಡ್ಡೆಗೆ ಇಳಿಸಿ, ಬಡಗಣ ಕಡೆಯದನ್ನೂ ಮುಗಿಸುತ್ತ ಬಂದಿದ್ದಳು. ಕಡಿದ ಕಡೆಯೆಲ್ಲ ಜಾಲಿ ಮುಳ್ಳು ಎಳೆದು ಹಾಕಿದ್ದಳು. ಪಂಪಾವತಿಯ ಕಣ್ಣಿಗೆ ಮುಳ್ಳು ಬೀಳಲಿಲ್ಲ. ಬಯಲು ಮಾತ್ರ ಕಂಡಿತು.

ಧಾರವಾಡದಲ್ಲಿ ಅವಳ ಸಾಲೆಯ ಮುಂದೆ ಒಂದು ಬೇಲಿ ಇತ್ತು. ಮಾಲಿ ತಿಂಗಳಿಗೊಮ್ಮೆ ದೊಡ್ಡ ಕತ್ತರಿಯಿಂದ ಅದರ ತಲೆ ಸಮ ಮಾಡುತ್ತಿದ್ದ. ಬೇಲಿ ಕತ್ತರಿಸುವುದೆಂದರೆ ಅವಳಿಗೆ ಗೊತ್ತಿದ್ದದ್ದು ಅಷ್ಟೇ. ಇದು ಕತ್ತರಿಸುವುದಲ್ಲ, ಕೊಲ್ಲುವುದು ಎನಿಸಿತು. ನಿಲ್ಲಿಸಿರಿ ಎಂದಳು. ಅಬೇದಾಬಿ ಬೆವರು ಒರೆಸಿಕೊಂಡು, ಸಂಜೆಯೊಳಗೆ ಮುಗೀತೈತಿ, ಪಡುವಣ ಕಡೆ ಒಂದು ಉಳದೈತಿ ಎಂದು ಏನೋ ಹೇಳಲು ಹೋದಳು. ಪಂಪಾವತಿ ಕೇಳುವ ಸ್ಥಿತಿಯಲ್ಲಿರಲಿಲ್ಲ.

“ನಿಮಗ ಎಲಿ ಬೇಕು, ಅದಕ್ಕ ನನ್ನ ಮನಿ ಬಯಲು ಮಾಡಾಕತ್ತೀರಿ,” ಎಂದಳು. “ಹೊಸಾ ಚಿಗುರು ಬಂದಷ್ಟು ನಿಮಗ ಲಾಭ. ಹರದಾಡೋ ಕೂಸು ಐತಿ ಅನ್ನೂ ಖಬರ ಬ್ಯಾಡ? ಮಕ್ಕಳನ್ನ ಸಾಕಿದವರಿಗೆ ತಿಳೀತಿತ್ತು.”

ಕೊನೆಯ ಮಾತು ಬಾಯಿಂದ ಜಾರಿದ್ದೇ ಅವಳು ಕೂಸಿನ ಕಡೆ ಮುಖ ಹೊರಳಿಸಿದಳು. ಅಬೇದಾಬಿಗೆ ಮಕ್ಕಳಿರಲಿಲ್ಲ. ಅವಳು ಕುಡಗೋಲನ್ನು ಸೆರಗಿನಿಂದ ಒರೆಸಿದಳು, ಒಮ್ಮೆ ಈ ಬದಿ, ಒಮ್ಮೆ ಆ ಬದಿ. “ಎಲಿ ಸಲುವಾಗಿ ಅಲ್ಲರಿ ಬಾಯಾರ, ಬುಡದ ಸಲುವಾಗಿ,” ಎಂದಳು. ಉಳಿದ ಮುಳ್ಳನ್ನು ಬಡಗಣ ಕಡೆ ಎಳೆದು ಹಾಕಿ ಹೊರಟು ಹೋದಳು.

ಹಾಗೆ ಆ ವರ್ಷ ಬೇಲಿ ಅರ್ಧಂಬರ್ಧ ಉಳಿಯಿತು. ಮೂಡಲು ಬಡಗಣ ಬೋಳು, ಪಡುವಣ ಎಂದಿನಂತೆ ತಲೆ ಮೇಲೆತ್ತಿ ನಿಂತಿತ್ತು. ಸಂಜೆ ಕೊಟ್ರಬಸಪ್ಪ ಬಂದು ನೋಡಿ, ಅರ್ಧ ಕ್ಷೌರ ಮಾಡಿ ಹಜಾಮನ್ನ ಓಡಿಸೀದಿ ಎಂದು ನಕ್ಕ. ಬೊಡ್ಡೆಗಳ ಹತ್ತಿರ ಹೆಂಡತಿ ಪೆಚ್ಚಾಗಿ ನಿಂತದ್ದು ನೋಡಿ, ಬೇಲಿಗೂ ಒಂದು ಸಲ ಥರ್ಮಾಮೀಟರ ಹಚ್ಚಿ ನೋಡು ಎಂದೂ ಸೇರಿಸಿದ. ಅವಳು ನಗಲಿಲ್ಲ. ಮರುದಿನ ಮಧ್ಯಾಹ್ನ ಅಬೇದಾಬಿ ಮುಂಬಾಗಿಲಿಗೆ ಬಂದು, ಬಾಯಾರಿಗೆ ಒಂದು ಮಾತು ಹೇಳಬೇಕು ಎಂದಾಗ ಪಂಪಾವತಿ ಅಗಳಿ ತೆಗೆಯದೆ ಒಳಗಿನಿಂದಲೇ, ಮಾಸ್ತರು ಮನೆಯಲ್ಲಿಲ್ಲ ಎಂದುಬಿಟ್ಟಳು. ಹೊರಗೆ ಸ್ವಲ್ಪ ಹೊತ್ತು ಯಾರೋ ನಿಂತಂತಿತ್ತು. ಆಮೇಲೆ ಚಪ್ಪಲಿಯ ಸಪ್ಪಳ ದೂರವಾಯಿತು.

ಆದರೂ ಕಡಿದ ಭಾಗವನ್ನು ಅಬೇದಾಬಿ ಬಿಡಲಿಲ್ಲ. ಬೀದಿಯ ಕಡೆಯಿಂದಲೇ ಬಂದು ಕುರಪಿಯಿಂದ ಬೊಡ್ಡೆಯ ಸುತ್ತ ಮಣ್ಣು ಸಡಿಲಿಸಿದಳು. ತಿಪ್ಪೆಯ ತಳದ ಹಳೆಯ ಗೊಬ್ಬರ, ಕುರಿಯ ಹಿಕ್ಕೆ ಬೆರೆಸಿ ಹಾಕಿದಳು. ಮೇಲೆ ಜೋಳದ ಹೊಟ್ಟು ಹಾಸಿದಳು. ಐದು ದಿನಕ್ಕೊಮ್ಮೆ ಸಂಜೆ, ಎರಡು ಬೊಡ್ಡೆಗೆ ಒಂದು ಕೊಡದಂತೆ ನೀರು. ಪಂಪಾವತಿ ಕಿಟಕಿಯ ಸಂದಿಯಿಂದ ನೋಡುತ್ತಿದ್ದಳು. ತನ್ನ ಪಾಲಿನ ಪಡುವಣ ಬೇಲಿಗೆ ತಾನೇ ದಿನಾ ಬೆಳಿಗ್ಗೆ ತಂಬಿಗೆಯಿಂದ ನೀರು ಚಿಮುಕಿಸುತ್ತಿದ್ದಳು, ಎಲೆಯ ಮೇಲೆ, ದೇವರ ಪೂಜೆ ಮಾಡಿದ ಹಾಗೆ.

ಹುಣ್ಣಿಮೆ ಕಳೆಯಿತು. ಒಂದು ಬೆಳಿಗ್ಗೆ ಸತ್ತಂತಿದ್ದ ಬೊಡ್ಡೆಗಳ ತೊಗಟೆ ಒಡೆದು ಕೆಂಪು ಚುಕ್ಕೆಗಳು ಕಂಡವು. ನಾಲ್ಕು ದಿನಕ್ಕೆ ಚುಕ್ಕೆಗಳು ಚಿಗುರಾದವು. ಒಂದು ಬೊಡ್ಡೆಗೆ ಹತ್ತು, ಹನ್ನೆರಡು ಚಿಗುರು, ಅದೂ ನೆಲದ ಹತ್ತಿರದಿಂದಲೇ. ಗೇಣುದ್ದ ಆದೊಡನೆ ಅಬೇದಾಬಿ ಬಂದು ಅದರ ತುದಿ ಚಿವುಟಿ ಹಾಕಿದಳು. ಪಂಪಾವತಿ ಕಿಟಕಿಯಲ್ಲೇ ಲೊಚಗುಟ್ಟಿದಳು, ಈಗ ತಾನೇ ಬಂದದ್ದನ್ನೂ ಬಿಡಲಿಲ್ಲವಲ್ಲ ಎಂದು. ಮೂರು ದಿನಕ್ಕೆ ಚಿವುಟಿದಲ್ಲಿ ಎರಡೆರಡು ಕವಲು. ಇತ್ತ ಪಡುವಣ ಬೇಲಿಯೂ ಚಿಗುರಿತು. ಆದರೆ ಎಲ್ಲಾ ಚಿಗುರು ನೆತ್ತಿಯ ಮೇಲೆಯೇ. ಅವಳಿಗೆ ಅದೇ ಚಂದ ಕಂಡಿತು, ಎತ್ತರದಲ್ಲಿ ಹಸಿರು ತೂಗುತ್ತಿತ್ತು.

ಪಡುವಣ ಬೇಲಿಯ ಆಚೆ ಕರಿಬಸಪ್ಪನ ಹಿತ್ತಿಲು. ಆ ಕಡೆಯ ದೊಡ್ಡ ಒಕ್ಕಲಿಗ. ಬೇಲಿ ಎತ್ತರವಿದ್ದದ್ದರಿಂದ ಅಲ್ಲಿ ಏನಿದೆ ಎಂದು ಪಂಪಾವತಿ ನೋಡಿದವಳೇ ಅಲ್ಲ. ಯುಗಾದಿಗೆ ಎಂಟು ದಿನ ಇರುವಾಗ ಆ ಕಡೆಯಿಂದ ಕಲ್ಲು ಸರಿಸುವ ಸಪ್ಪಳ, ಆಳುಗಳ ಮಾತು ಕೇಳಿತು. ಅಂದಿನಿಂದ ಅಲ್ಲಿ ಅಬೇದಾಬಿಯ ಕೆಮ್ಮೂ ಕೇಳತೊಡಗಿತು. ಎಲೆಗಳ ಸಂದಿಯಲ್ಲಿ ಅವಳ ಬಿಳಿ ಸೀರೆಯ ಅಂಚು. ಕರಿಬಸಪ್ಪನ ಹಿತ್ತಿಲಲ್ಲಿ ಚಾಪೆ ಹಾಸಿ ಬೇರೆ ಬೇಲಿಗಳ ಎಲೆ ಒಣಗಿಸುತ್ತಾಳೆಂದು ಕೊಟ್ರಬಸಪ್ಪ ಹೇಳಿದ. ಇತ್ತ ಬೆನ್ನು ಮಾಡಿ ಕೂತಿರುತ್ತಿದ್ದಳು, ಹೊತ್ತು ಹುಟ್ಟಿದಾಗಿನಿಂದ ಹೊತ್ತು ಮುಳುಗುವವರೆಗೆ. ನನಗೆ ಬೆನ್ನು ತೋರಿಸಲು ಬೇರೆ ಜಾಗ ಸಿಗಲಿಲ್ಲವೇ ಎಂದು ಪಂಪಾವತಿ ಒಳಗೊಳಗೇ ಕುದಿದಳು. ಕೋಪವೋ ನಾಚಿಕೆಯೋ, ಆ ಕಡೆ ಹೋಗುವುದನ್ನೇ ಬಿಟ್ಟಳು.

ಆರನೆಯ ದಿನ. ಹೊತ್ತು ನೆತ್ತಿಗೆ ಬಂದಿತ್ತು. ಒಲೆಯ ಮೇಲೆ ಹಾಲು ಉಕ್ಕಿತು. ಪಂಪಾವತಿ ಎದ್ದು ಹೋಗಿ ಪಾತ್ರೆ ಇಳಿಸಿ, ಬೂದಿ ಚೆಲ್ಲಿದ್ದನ್ನು ಬಳಿದು ಬಂದಳು. ಚಾಪೆಯ ಮೇಲೆ ಗಿಲಕಿ ಇತ್ತು, ಕೂಸು ಇರಲಿಲ್ಲ. ಪಡಸಾಲೆ, ಮಂಚದ ಕೆಳಗೆ, ಬಚ್ಚಲು ಎಲ್ಲ ನೋಡಿದಳು. ಹಿತ್ತಿಲ ಬಾಗಿಲು ಅರ್ಧ ತೆರೆದಿತ್ತು.

ಮೊದಲು ಮೂಡಲ ಕಡೆ ಓಡಿದಳು. ಅಬೇದಾಬಿ ಬಯಲು ಮಾಡಿದ ಕಡೆಗೆ, ಬೀದಿಯ ಕಡೆಗೆ. ಮುಳ್ಳಿನ ಮೇಲೆ ಬಗ್ಗಿ ನೋಡಿದಳು, ಕೈ ಗೀರಿ ರಕ್ತ ಬಂತು. ಮುಳ್ಳು ಎಲ್ಲೂ ಸರಿದಿರಲಿಲ್ಲ. ಅದರ ಹಿಂದೆ ಎಳೆ ಚಿಗುರು ಒತ್ತೊತ್ತಾಗಿ, ಕೋಳಿಮರಿಯೂ ತೂರದ ಹಾಗೆ ಎದ್ದಿತ್ತು. ಬಡಗಣ ಕಡೆಯೂ ಹಾಗೇ. ಆಗ ಪಡುವಣದಿಂದ, ಅವಳು ಭದ್ರವೆಂದು ನಂಬಿದ ಕಡೆಯಿಂದ, ಅಬೇದಾಬಿಯ ದನಿ ಬಂತು. ಗಾಬರಿಯಿಲ್ಲದ ದನಿ.

“ಓಡಬ್ಯಾಡ್ರಿ ಬಾಯಾರ. ಕೂಸು ಇಲ್ಲೈತಿ, ನನ್ನ ಬೆನ್ನಿಗೆ.”

ಪಂಪಾವತಿ ಅಲ್ಲಿಗೆ ಬಂದು ನಿಂತಳು. ಎದುರಿಗೆ ಹಸಿರು ಗೋಡೆ, ಏನೂ ಕಾಣಲಿಲ್ಲ. ಎಲ್ಲಿ, ಎಲ್ಲಿ ಎಂದಳು. ಕುಂದರ್ರಿ ಎಂದಿತು ಆಚೆಯ ದನಿ. ಅವಳು ಮಣ್ಣಿನಲ್ಲಿ ಮಂಡಿಯೂರಿದಳು.

ಮಂಡಿಯೂರಿದಾಗ ಬೇಲಿ ಬೇರೆಯೇ ಆಗಿತ್ತು. ಸೊಂಟದ ಮೇಲೆ ಎಷ್ಟು ದಟ್ಟವೋ ಕೆಳಗೆ ಅಷ್ಟೇ ಬರಿದು. ವರ್ಷಗಟ್ಟಲೆ ತಲೆಯ ನೆರಳಲ್ಲೇ ನಿಂತು ಬುಡದ ಕೊಂಬೆಗಳು ಒಣಗಿ ಹೋಗಿದ್ದವು. ಸ್ಟೂಲಿನ ಕಾಲುಗಳಂತೆ ನಾಲ್ಕು ಬೋಳು ಕಾಂಡ, ಅವುಗಳ ನಡುವೆ ಕೂಸು ಹಾಯುವಷ್ಟು ದಾರಿ. ಆ ದಾರಿಯಲ್ಲಿ ಶಂಕ್ರಿ ಅರ್ಧ ಹೋಗಿದ್ದಳು. ಮುಂದೆ ಹೋಗಲು ಜಾಗವಿರಲಿಲ್ಲ. ಆಚೆ ತುದಿಯನ್ನು ಅಬೇದಾಬಿಯ ಬೆನ್ನು ತುಂಬಿಬಿಟ್ಟಿತ್ತು. ಕೂಸು ಅವಳ ಸೀರೆ ಹಿಡಿದು ಬೆನ್ನಿಗೆ ಟಪಟಪ ಹೊಡೆಯುತ್ತ ಕೇಕೆ ಹಾಕುತ್ತಿತ್ತು. ಆ ಬೆನ್ನಿನ ಪಕ್ಕದ ಸಂದಿಯಿಂದ ಪಂಪಾವತಿಗೆ ಕರಿಬಸಪ್ಪನ ಹಿತ್ತಿಲು ಕಂಡಿತು. ನಾಲ್ಕು ಮಾರು ದೂರದಲ್ಲಿ, ನೆಲಕ್ಕೆ ಸಮನಾಗಿ, ಒಂದು ಕಪ್ಪು ಬಾಯಿ.

ಹಗೇವು. ಜೋಳ ತುಂಬಿಡಲು ನೆಲದೊಳಗೆ ಎರಡಾಳು ಆಳಕ್ಕೆ ತೋಡಿದ ಕಣಜ. ಹೊಸ ಜೋಳ ತುಂಬುವ ಮುಂಚೆ ಬಾಯಿಯ ಕಲ್ಲು ಸರಿಸಿ, ಒಳಗಿನ ಕೆಟ್ಟ ಗಾಳಿ ಹೋಗಲೆಂದು ಎಂಟು ದಿನ ತೆರೆದಿಡುತ್ತಾರೆ. ಆ ಗಾಳಿ ಹೋಗುವ ಮುಂಚೆ ಇಳಿದರೆ ದೊಡ್ಡ ಆಳೂ ಮೇಲೆ ಬರುವುದಿಲ್ಲ. ಇಷ್ಟು ಅವಳಿಗೂ ಗೊತ್ತಿತ್ತು; ಅದು ತನ್ನ ಬೇಲಿಯ ಆಚೆಗೇ ಇದೆಯೆಂದು ಗೊತ್ತಿರಲಿಲ್ಲ.

ಕೂಸಿನ ಕಾಲು ಹಿಡಿದು ಎಳೆದುಕೊಂಡಳು. ಎದೆಗೆ ಒತ್ತಿಕೊಂಡಳು. ಆಮೇಲೆ ಕೇಳಿದಳು.

“ಎಷ್ಟು ದಿನಾತು ಆಯಿ, ಇಲ್ಲಿ ಕುಂತು?”

“ಹಗೇದ ಕಲ್ಲು ಸರಿಸಿದಾಗಿಂದ,” ಎಂದಳು ಅಬೇದಾಬಿ, ತಿರುಗದೆ. “ಕರಿಬಸಪ್ಪನ್ನ ಕೇಳಿದ್ನಿ, ಮುಚ್ಚಪ್ಪಾ ಅಂತ. ಗಾಳಿ ಆಡಲಿಲ್ಲಂದ್ರ ಜ್ವಾಳ ಕೆಡತೈತಿ ಅಂದ. ಅವಂದೂ ಖರೆ. ನಿಮ್ಮ ಬಾಗಲಾ ತಗೀಲಿಲ್ಲ, ನಿಮ್ಮದೂ ಖರೆ. ನನಗ ಎಲಿ ಒಣಗಸೂದಿತ್ತು. ಎಲ್ಲಿ ಕುಂತ್ರೇನು?”

ಅಬೇದಾಬಿ ಕೂತ ಜಾಗದ ಮಣ್ಣು ನುಣುಪಾಗಿ, ಗಟ್ಟಿಯಾಗಿ, ಮನೆಯ ನೆಲದಂತೆ ಆಗಿತ್ತು. ಪಂಪಾವತಿ ಅದನ್ನೇ ನೋಡುತ್ತಿದ್ದಳು. ಸಂದಿಯಲ್ಲಿ ಕೈ ತೂರಿಸಿ ಆ ಬೆನ್ನನ್ನು ಮುಟ್ಟಿದಳು. ಬಿಸಿಲಿಗೆ ಕಾದಿತ್ತು.

“ಕೈ ತಗೀ ಬೇಟಿ, ಮುಳ್ಳು ಗೀರಿದ್ದು ನೋಡಿಕೋ,” ಎಂದಳು ಅಬೇದಾಬಿ. ಬಾಯಾರ ಎಂಬ ಮರ್ಯಾದೆಯ ಮಾತು ಅಂದಿಗೆ ಬಿಟ್ಟುಹೋಯಿತು.

ಸಂಜೆ ಕೊಟ್ರಬಸಪ್ಪನಿಗೆ ಹೇಳುವಾಗ ಅವಳಿಗೆ ಎಲ್ಲಿಂದ ಆರಂಭಿಸಬೇಕೋ ತಿಳಿಯದೆ, ಹಾಲು ಉಕ್ಕಿದ್ದರಿಂದ ಆರಂಭಿಸಿದಳು. ಅವನು ನಗೆಮಾತು ಆಡಲಿಲ್ಲ. ಎದ್ದು ಹೋಗಿ ಆ ಸಂದಿಗೆ ಕಲ್ಲು, ಮುಳ್ಳು ತುಂಬಿ ಬಂದ. ಪಡುವಣ ಬೇಲಿಯನ್ನು ಈಗಲೇ ಕಡಿಸಿಬಿಡೋಣ ಎಂದು ಪಂಪಾವತಿ ಹಟ ಹಿಡಿದಳು. ಅಬೇದಾಬಿ ಒಪ್ಪಲಿಲ್ಲ. ಬಿಸಿಲು ಏರೈತಿ, ಈಗ ಕಡದ್ರ ಸಾಯತೈತಿ, ಮುಂದಿನ ಶಿವರಾತ್ರಿಗಂಟ ಅದರ ಪಾಡಿಗೆ ಬಿಡು ಎಂದಳು. ಗಿಡಕ್ಕೂ ಕೂಸಿಗೂ ಒಂದು ಹೊತ್ತು ಇರುತ್ತದೆ ಎಂಬುದನ್ನು ಪಂಪಾವತಿಗೆ ಯಾವ ಇಯತ್ತೆಯಲ್ಲೂ ಹೇಳಿಕೊಟ್ಟಿರಲಿಲ್ಲ.

ಆ ಯುಗಾದಿಯ ಮರುದಿನ ಅಬೇದಾಬಿ ಹೊಸ ಚಿಗುರಿನ ಎಲೆ ಅರೆದು ತಂದಳು. ಅವಳ ರೂಢಿ ಅದು: ಯಾವ ಬೇಲಿಯದೇ ಆಗಲಿ, ಮೊದಲ ಎಲೆ ಆ ಮನೆಯ ಎಲ್ಲಕ್ಕಿಂತ ಸಣ್ಣ ಕೂಸಿನ ಕೈಗೆ. ಬಣ್ಣ ಹೇಗೆ ಏರುತ್ತದೆಂದು ನೋಡಿದ ಮೇಲೆಯೇ ಉಳಿದದ್ದನ್ನು ಕೊಯ್ಯುವಳು. ಮೊದಲಾಗಿದ್ದರೆ ಪಂಪಾವತಿ, ಕೂಸು ಬಾಯಿಗೆ ಹಾಕಿಕೊಂಡರೆ, ಚರ್ಮ ಸುಟ್ಟರೆ ಎಂದು ನೂರು ಅಡ್ಡಿ ಹೇಳುತ್ತಿದ್ದಳು. ಈಗಲೂ ಎರಡು ಹೇಳಿದಳು. ಅಬೇದಾಬಿ ಎರಡಕ್ಕೂ ಹ್ಞೂಂ ಎಂದು, ಶಂಕ್ರಿಯ ಅಂಗೈಯಲ್ಲಿ ರಾಗಿಕಾಳಿನಷ್ಟು ಬೊಟ್ಟಿಟ್ಟು, ಮುಷ್ಟಿಯನ್ನು ತನ್ನ ಕೆಂಪು ಕೈಯಲ್ಲಿ ಹಿಡಿದುಕೊಂಡು ಅದು ಒಣಗುವವರೆಗೆ ಕುಳಿತಳು.

ಮರುವರ್ಷ ಪಡುವಣ ಬೇಲಿಯನ್ನು ಕಡಿದಾಗ ಕೊಂಬೆ ಹಿಡಿದುಕೊಂಡವಳು ಪಂಪಾವತಿ. ಒಂದೊಂದಾಗಿ ಕಲಿತಳು. ನೀರು ನಿಲ್ಲದಂತೆ ಓರೆ ಕೊಯ್ಯುವುದು. ಹಸಿ ಸಗಣಿ ಬೇರು ಸುಡುತ್ತದೆ, ವರ್ಷ ಕೊಳೆತ ಗೊಬ್ಬರವೇ ಬೇಕು. ದಿನಾ ತಂಬಿಗೆ ಚಿಮುಕಿಸಿದರೆ ಬೇರು ಮೇಲೆಯೇ ಉಳಿಯುತ್ತದೆ, ಅಪರೂಪಕ್ಕೆ ಕೊಡ ಸುರಿದರೆ ಕೆಳಗಿಳಿಯುತ್ತದೆ. ಬೆಳೆದ ಮೇಲೆ ಸವರುವಾಗ ಬುಡ ಅಗಲ ಬಿಟ್ಟು ತಲೆ ಸಣ್ಣ ಮಾಡಬೇಕು. ತಲಿ ದೊಡ್ಡದಾತಂದ್ರ ಕಾಲಿಗೆ ಬಿಸಲು ಹತ್ತಂಗಿಲ್ಲ, ನಿಮ್ಮ ಸಾಲಿ ಕಲತವರಂಗ ಎಂದು ಅಬೇದಾಬಿ ಕೆಣಕುತ್ತಿದ್ದಳು. ಪಂಪಾವತಿ ಧಾರವಾಡದ ಅಣ್ಣನಿಗೆ ಬರೆದ ಕಾಗದದಲ್ಲಿ ಕೂಸಿನ ವಿಷಯ ಅರ್ಧ, ಬೇಲಿಯ ವಿಷಯ ಅರ್ಧ. ಊರಲ್ಲಿ ನಿನ್ನನ್ನು ಮಾಸ್ತರ ಹೆಂಡತಿ ಎನ್ನುತ್ತಾರೋ ಮಾಲಿಯ ಹೆಂಡತಿ ಎನ್ನುತ್ತಾರೋ ಎಂದು ಅವನು ಉತ್ತರ ಬರೆದ.

ಬರಬರುತ್ತ ಅಬೇದಾಬಿಯ ಕಣ್ಣಿಗೆ ಪೊರೆ ಬಂತು. ಆಗಲೂ ಕುಡಗೋಲು ಬಿಡಲಿಲ್ಲ. ಎಡಗೈಯಿಂದ ಬೊಡ್ಡೆ ತಡವಿ, ಗೇಣು ಹಾಕಿ ಅಳೆದು, ಬಲಗೈಯಿಂದ ಕಡಿಯುವಳು. ಪಂಪಾವತಿ ಪ್ರತಿ ಪೆಟ್ಟಿಗೂ ಕಣ್ಣು ಮುಚ್ಚುತ್ತಿದ್ದಳು, ಬೆರಳು ಹೋದೀತೆಂದು. ಒಂದು ಸಲವೂ ಹೋಗಲಿಲ್ಲ. ಕೊನೆಯ ವರ್ಷ ಅವಳು ಬುಡದ ಮುಂದೆ ಕುಕ್ಕುರುಗಾಲಲ್ಲಿ ಕುಳಿತು, ಎಂದಿನಂತೆ ಕತ್ತು ಓರೆ ಮಾಡಿ, ನಂಗ ಕಾಣಂಗಿಲ್ಲ, ನೀ ಕುಂತು ನೋಡಿ ಹೇಳು ಎಂದಳು. ಪಂಪಾವತಿ ಕುಳಿತು ನೋಡಿದಳು. ಎಲ್ಲೂ ಬೆಳಕು ತೂರುತ್ತಿರಲಿಲ್ಲ, ಹಾಗೆಂದು ಹೇಳಿದಳು. ಅಬೇದಾಬಿ ಕುಡಗೋಲನ್ನು ಅವಳ ಕೈಗೆ ಕೊಟ್ಟು, ಹಂಗಾರ ಇದು ಇಲ್ಲೇ ಇರಲಿ ಎಂದಳು.

ಶ್ರಾವಣದಲ್ಲಿ ಅವಳು ಹೋದಳು. ಪಂಚಮಿಗೆ ಮನೆಮನೆಯ ಹುಡುಗಿಯರು ಅವಳ ಏಳೂ ಬೇಲಿಗಳ ಎಲೆ ಕೊಯ್ದು ಕೈಗೆ ಹಚ್ಚಿಕೊಂಡ ವಾರದಲ್ಲೇ. ಮಣ್ಣಿಗೆ ಹೊರಡುವ ಮುಂಚೆ ಹೆಂಗಸರು ನೋಡಲು ಹೋದಾಗ ಪಂಪಾವತಿ ಶಂಕ್ರಿಯನ್ನೂ ಕರೆದುಕೊಂಡು ಹೋಗಿದ್ದಳು. ಬಿಳಿ ಬಟ್ಟೆಯ ಹೊರಗೆ ಒಂದು ಕೈಯ ಬೆರಳು ಕಾಣುತ್ತಿತ್ತು. ಆರು ವರ್ಷದ ಶಂಕ್ರಿ ತನ್ನ ಅಂಗೈ ನೋಡಿಕೊಂಡು, ಅವ್ವಾ, ಆಯಿದು ನನ್ನಕಿಂತ ಕೆಂಪಗ ಏರೇತಿ ಎಂದಿದ್ದಳು. ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿ ಕೂಸನ್ನು ನೋಡಿದ್ದರು.

ಆ ದಿನಗಳು ಈಗ ಎಲ್ಲಿ? ಹೋದ ವರ್ಷ ಗವಿಸಿದ್ದ ಹೊಟ್ಟೆಯಲ್ಲಿದ್ದ, ಕಡಿಯಲಾಗಲಿಲ್ಲ. ತಲೆ ಮಾತ್ರ ಸವರಿ ಬಿಟ್ಟಳು. ಈ ಸಲ ನಿಂತು ನೋಡಿದವರಿಗೆ ಬೇಲಿ ಛಲೋ ಇತ್ತು. ಪಂಪಾವತಿ ಬೆಳಿಗ್ಗೆಯೇ ಕುಳಿತು ನೋಡಿದ್ದಳು. ಪಡುವಣ ಕಡೆ, ಅದೇ ಹಳೆಯ ಜಾಗದ ಹತ್ತಿರ, ಎರಡು ಬುಡಗಳ ನಡುವೆ ಬೆಳಕು ತೂರುತ್ತಿತ್ತು.

ಅವಳು ಮುಮ್ತಾಜಬೇಗಂಗೆ ಹೆಚ್ಚು ಹೇಳಲಿಲ್ಲ. ಇತ್ತ ಬಂದು ಒಂದು ಸಲ ಕುಂತು ನೋಡ್ರಿ ಎಂದಷ್ಟೇ ಅಂದಳು. ಆಮೇಲೆ ಮೊದಲ ಬೊಡ್ಡೆಗೆ ಗೇಣು ಹಾಕಿದಳು. ಅಬೇದಾಬಿ ಯಾವತ್ತೂ ಮೂಡಲಿಂದ ಹಿಡಿಯುತ್ತಿದ್ದಳು. ಇವಳು ಪಡುವಣದಿಂದ ಹಿಡಿದಳು. ಅದೊಂದನ್ನು ಮಾತ್ರ ಅವಳು ಬದಲಿಸಿದ್ದಳು. ಮಧ್ಯಾಹ್ನದ ಹೊತ್ತಿಗೆ ಮೂರೂ ಕಡೆ ಬೋಳಾಯಿತು. ಸಾಲೆಯಿಂದ ಊಟಕ್ಕೆ ಬಂದ ಶಂಕ್ರಿ ಅಪ್ಪನ ಜೊತೆ ಸೇರಿ ಮುಳ್ಳು ಎಳೆದು ಹಾಕಿದಳು. ಪಡುವಣ ಕಡೆ ಒಂದು ಮಾರಿನಷ್ಟಕ್ಕೆ ಮುಳ್ಳು ಸಾಲಲಿಲ್ಲ. ನಾಳೆ ಆಳು ಹುಲಗಪ್ಪನಿಗೆ ಹೇಳಿ ತರಿಸುತ್ತೇನೆ, ಇವತ್ತೊಂದು ದಿನ ಕೂಸನ್ನು ಒಳಗೇ ಇಟ್ಟುಕೋ ಎಂದ ಕೊಟ್ರಬಸಪ್ಪ. ಆಚೆ ಕರಿಬಸಪ್ಪನ ಹಿತ್ತಿಲಲ್ಲಿ ಹಗೇವಿನ ಕಲ್ಲು ಇನ್ನೂ ಮುಚ್ಚಿಯೇ ಇತ್ತು. ಆದರೂ ಅವಳ ಜೀವ ಕೇಳಬೇಕಲ್ಲ.

ಮೊರದಲ್ಲಿ ಜೋಳ ಸುರಿದುಕೊಂಡು, ಚಾಪೆ ತೆಗೆದುಕೊಂಡು ಹೋಗಿ ಪಂಪಾವತಿ ಮುಳ್ಳಿಲ್ಲದ ಆ ಸಂದಿಯ ಆಚೆ ಹಾಸಿದಳು. ಬೇಲಿಗೆ ಬೆನ್ನು ಮಾಡಿ ಕುಳಿತು ಕಲ್ಲು ಆರಿಸತೊಡಗಿದಳು. ಇಳಿಬಿಸಿಲು ಮುಖಕ್ಕೆ ಬೀಳುತ್ತಿತ್ತು. ಮುಮ್ತಾಜಬೇಗಂ ತನ್ನ ಕಟ್ಟೆಯಿಂದ ಇಳಿದು ಬರುತ್ತಿದ್ದದ್ದು ಕಂಡಿತು, ಏನು ನಡೆದಿದೆ ಎಂದು ನೋಡಲು. ಹಿಂದೆ ಹಿತ್ತಿಲ ಬಾಗಿಲಲ್ಲಿ ಗವಿಸಿದ್ದನ ಕಾಲಿನ ಗೆಜ್ಜೆ ಸಪ್ಪಳ ಮಾಡಿತು, ನಿಂತಿತು, ಮತ್ತೆ ಹತ್ತಿರವಾಯಿತು.

ಸ್ವಲ್ಪ ಹೊತ್ತಿಗೆ ಅವಳ ಬೆನ್ನಿಗೆ ಒದ್ದೆಯಾದ ಪುಟ್ಟ ಅಂಗೈ ಬಿತ್ತು. ಪಂಪಾವತಿ ತಿರುಗಲಿಲ್ಲ. ಒಂದು ಕಲ್ಲು ಆರಿಸಿ ಬದಿಗಿಟ್ಟು, ಬೆನ್ನನ್ನು ಇನ್ನೂ ಸ್ವಲ್ಪ ಅಗಲ ಮಾಡಿಕೊಂಡು ಕುಳಿತಳು.